ಮಂಚದ ಕೆಳಗಿನ ಕೆಂಡ

ನಂದಿಯಿಂದ ಮೇಲೆ, ಗುಡ್ಡದ ಮೇಲೊಂದು ಇಂಗ್ಲಿಷರ ಕಾಲದ ಬಂಗಲೆ. ಈಗ ಕೆಳಗಿನ ಊರಿನ ದಂಪತಿ ಅದನ್ನು ಹೋಂಸ್ಟೇ ಮಾಡಿಕೊಂಡಿದ್ದಾರೆ. ಅಪ್ಪ ಹೋದ ಮೇಲೆ ಅಮ್ಮ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಜಾಗ ಬದಲಾದರೆ ಕಣ್ಣು ಹತ್ತೀತು ಎಂದು ಚಿಂತಾಮಣಿಯಿಂದ ಅವಳನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ನಾನೇ.

ಕಾರಿಳಿದ ಗಳಿಗೆಯಿಂದ ಅಮ್ಮನಿಗೆ ಆ ಮನೆ ಹಿಡಿಸಲಿಲ್ಲ. ದಪ್ಪ ಗೋಡೆ, ಕಿಟಕಿಗೆಲ್ಲ ಗಾಜು, ಕದ ಹಾಕಿದರೆ ಹೊರಗಿನ ಕಾಗೆಯ ಕೂಗೂ ಕೇಳದು. ಕೋಣೆಯಲ್ಲಿ ಬೆಂಕಿಗೂಡೇನೋ ಇತ್ತು. ಹಕ್ಕಿಗಳು ಗೂಡು ಕಟ್ಟುತ್ತವೆಂದು ಅದರ ಹೊಗೆದಾರಿಗೆ ಇಟ್ಟಿಗೆ ಇಟ್ಟು ಮುಚ್ಚಿಬಿಟ್ಟಿದ್ದರು.

"ಉಸಿರಾಡದ ಮನೆ ಕಣೇ ಇದು. ಹೋಗಣ ನಡಿ" ಎಂದಳು ಅಮ್ಮ.

ನನಗೆ ರೇಗಿತು. ಎಲ್ಲಿಗೆ ಕರೆದುಕೊಂಡು ಹೋದರೂ ಮೂಗು ಮುರೀತೀಯ, ಸ್ವಲ್ಪ ಸುಮ್ಮನಿರು ಎಂದೆ. ಅಮ್ಮ ಮುಖ ಗಂಟು ಹಾಕಿಕೊಂಡು ಮಂಚ ಹತ್ತಿದಳು. ಮುನಿಸಿಕೊಂಡಳೆಂದರೆ ಮುಗಿಯಿತು, ಕೂಗಿದರೂ ಓಗೊಡುವವಳಲ್ಲ.

ಮಧ್ಯಾಹ್ನ ಮುದ್ದೆ, ಹಿತಕಿದ ಬೇಳೆ ಸಾರು ಉಂಡು ಕೈ ತೊಳೆಯುವಷ್ಟರಲ್ಲಿ ಮಂಜು ಗುಡ್ಡ ಹತ್ತಿ ಬಂತು. ಅಂಗಳದ ಸಂಪಿಗೆ ಮರ ಕಾಣದಾಯಿತು, ಆಮೇಲೆ ನಮ್ಮ ಕಾರೂ ಕಾಣದಾಯಿತು. ಅಮ್ಮನ ಹಲ್ಲು ಕಟಕಟ ಎನ್ನುತ್ತಿತ್ತು. ಮನೆಯಾಕೆಗೆ ಹೇಳಿ ಅಗ್ಗಿಷ್ಟಿಕೆ ತರಿಸಿಕೊಂಡಳು.

ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಗಾಳಿ ಸೋಕದಂತೆ ಕದ ಹಾಕುವುದು ನಮ್ಮ ಕಡೆಯ ವಾಡಿಕೆ. ನನ್ನ ಎರಡೂ ಬಾಣಂತನ ಅಮ್ಮ ಮಾಡಿದ್ದು ಹಾಗೆಯೇ. ಮನೆಯಾಕೆಯೂ ಅದನ್ನೇ ನೋಡಿ ಬೆಳೆದವಳು. ಅವಳು ಇದ್ದಿಲ ಕೆಂಡ ತುಂಬಿ ತಂದು ಮಂಚದ ಕೆಳಗಿಟ್ಟಳು, ಕಿಟಕಿಯ ಸಂದಿಗೆ ಹಳೇ ಸೀರೆ ತುರುಕಿದವಳು ನಾನು. ಹೊಗೆಯೇ ಇಲ್ಲ, ಇನ್ನೇನು ಭಯ ಅಂದುಕೊಂಡೆವು. ನಮ್ಮದು ಹೆಂಚಿನ ಮನೆಯಾಗಿತ್ತು, ಹೆಂಚಿನ ಸಂದಿಸಂದಿಯಲ್ಲೂ ಗಾಳಿಯಾಡುತ್ತಿತ್ತು ಎನ್ನುವುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ ನನಗೆ ತಲೆ ಸಿಡಿಯತೊಡಗಿತು. ಜಗಲಿಗೆ ಬಂದು ಕೂತೆ, ಹಗುರಾಯಿತು. ಶಾಲು ತರಲು ಒಳಗೆ ಹೋದೆ, ಮತ್ತೆ ಸಿಡಿತ. ಅಮ್ಮನ ಕೆನ್ನೆ ಕೆಂಪಗಿತ್ತು. ಪಾಪ, ಈಗ ಬೆಚ್ಚಗಾದಳು ಅಂದುಕೊಂಡೆ. ಕರೆದರೆ ಮಾತಿಲ್ಲ. ಇನ್ನೂ ಇಳಿದಿಲ್ಲವಲ್ಲ ಈಯಮ್ಮನ ಮುನಿಸು ಎಂದು ಬೈದುಕೊಂಡು ಕದ ಎಳೆದುಕೊಂಡು ಬಂದೆ.

ಮನೆಯಾಕೆ ಕಾಫಿ ತಂದಳು. ಅಮ್ಮನಿಗೆ ಎಂಥ ಮುನಿಸಿದ್ದರೂ ಕಾಫಿಯ ಮೇಲೆ ಮುನಿಸಿಲ್ಲ. ಮುಖ ಗೋಡೆಗೆ ತಿರುಗಿಸಿಕೊಂಡೇ ಕೈ ಮಾತ್ರ ಈ ಕಡೆ ಚಾಚುತ್ತಾಳೆ. ಲೋಟ ಹಿಡಿದು ಮಂಚದ ಪಕ್ಕ ನಿಂತೆ. ಕೈ ಬರಲಿಲ್ಲ.

ಆಮೇಲೆ ನಾನು ಕಿರುಚಿದ್ದು, ಮನೆಯಾಕೆಯ ಗಂಡ ಓಡಿ ಬಂದದ್ದು, ಮೂವರೂ ಸೇರಿ ಅಮ್ಮನನ್ನು ಕಂಬಳಿ ಸಮೇತ ಮಂಜಿಗೆ ಎಳೆದು ತಂದದ್ದು. ಉಸಿರಿತ್ತು, ಎಳೆಯಷ್ಟು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಇಳಿಯುವ ದಾರಿಯುದ್ದಕ್ಕೂ ತಿರುವು ತಿರುವಿಗೂ ಅವಳ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದೆ. ಕೆಂಡದ ವಿಷಗಾಳಿ ಎಂದರು ಡಾಕ್ಟರು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಶುರುಮಾಡಿ, ನನ್ನ ಮುಖ ನೋಡಿ ನರ್ಸಿನ ಕಡೆ ತಿರುಗಿದರು.

ಆಕ್ಸಿಜನ್ ಹಾಕಿದ ಮೇಲೆ ಕತ್ತಲಾಗುವ ಹೊತ್ತಿಗೆ ಅಮ್ಮ ಕಣ್ಣು ಬಿಟ್ಟಳು. ನಾನು ಅಳುತ್ತಾ ಅವಳ ಕೈ ಹಿಡಿದುಕೊಂಡೆ. ನನ್ನ ಮೇಲೆ ಇನ್ನೂ ಸಿಟ್ಟೇ ಇದ್ದವಳಂತೆ ನೋಡಿದಳು.

"ನಿಮ್ಮಪ್ಪ ಹೋದಾಗಿನಿಂದ ಅಂಥ ನಿದ್ದೆ ಬಂದಿರ್ಲಿಲ್ಲ ಕಣೇ" ಎಂದಳು. "ಯಾಕೆ ಎಬ್ಬಿಸ್ದೆ?"