ಕೆಂಪು ಬ್ರೆಡ್ಡಿನ ಬೆನ್ನು

ಸಾಮಾನನ್ನು ಮುಟ್ಟದೆ, ಮೂಸದೆ, ಬರೀ ಓದಿ ಕೊಳ್ಳುವ ಊರೊಂದಿದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಸ್ವಲ್ಪ ಇಂಗ್ಲಿಷ್ ಕಲಿತೇ ಮುಂಬಯಿ ಪಕ್ಕದ ಡೊಂಬಿವಲಿಯ ರೈಲು ಹತ್ತುತ್ತಿದ್ದೆ. ನಿಮಗೆ ಗೊತ್ತಲ್ಲ, ಉಡುಪಿಯಲ್ಲಿ ಅಕ್ಕಿ ತರುವುದೆಂದರೆ ಗೋಣಿಯೊಳಗೆ ಕೈ ಹಾಕಿ, ನಾಲ್ಕು ಕಾಳು ಬಾಯಿಗೆಸೆದು ಕಚ್ಚುವುದು. ಕೆಂಪಗಿದ್ದರೆ ಮೈಗೆ ಒಳ್ಳೆಯದು, ಬೆಳ್ಳಗಿದ್ದರೆ ಬರೀ ಚಂದಕ್ಕೆ. ಅಮ್ಮ ಕಲಿಸಿದ ಶಾಸ್ತ್ರ ಅಷ್ಟೇ.

ನಮ್ಮವರು ಇಲ್ಲಿ ಸಸ್ಯಾಹಾರಿ ಹೋಟೆಲೊಂದರಲ್ಲಿ ಮ್ಯಾನೇಜರು. ಅವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಡಾಕ್ಟರು, ಮೈದಾ ಬಿಡಿ, ಅನ್ನ ಕಡಿಮೆ ಮಾಡಿ ಎಂದರು. ಊರಿನಿಂದ ತರಿಸುತ್ತಿದ್ದ ಕುಚ್ಚಲಕ್ಕಿಯ ಗಂಜಿಯೂ ಒಂದು ಸೌಟಿಗೆ ಇಳಿಯಿತು. ಇನ್ನು ಏನು ಬಡಿಸಲಿ? ಅಂಗಡಿಯಲ್ಲಿ ಬ್ರೌನ್ ಬ್ರೆಡ್ ಎಂಬ ಕೆಂಪು ಬ್ರೆಡ್ಡು ಕಂಡಿತು. ಕೆಂಪು! ಅಮ್ಮನ ಶಾಸ್ತ್ರ ಇಲ್ಲಿಯೂ ನಡೆಯುತ್ತದೆಂದು ಹಿಗ್ಗಿ ಮೂರು ತಿಂಗಳು ದಿನಾ ಅದನ್ನೇ ತಿನ್ನಿಸಿದೆ. ಸಕ್ಕರೆ ಇಳಿಯಲೇ ಇಲ್ಲ.

ಆಗ ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಐರೋಲಿಯಿಂದ ಬಂದಳು ನನ್ನ ಓರಗಿತ್ತಿ ಶಶಿ, ಮೈದುನನ ಹೆಂಡತಿ. ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಬ್ರೆಡ್ಡಿನ ಪೊಟ್ಟಣ ಎತ್ತಿಕೊಂಡಳು, ಮಗುಚಿದಳು, ಓದಿದಳು.

"ಅಕ್ಕ, ಇದು ಮೈದಾ. ಸಕ್ಕರೆ ಸುಟ್ಟು ಮಾಡಿದ ಬಣ್ಣ ಹಾಕಿ ಕೆಂಪು ಮಾಡಿದ್ದು. ಪಟ್ಟಿಯಲ್ಲಿ ಯಾವುದರ ಹೆಸರು ಮೊದಲು ಉಂಟೋ ಅದೇ ಜಾಸ್ತಿ ಇರುದು. ಇಲ್ಲಿ ನೋಡಿ, 'ರಿಫೈನ್ಡ್' ಅಂತ ಉಂಟಲ್ಲ? ಗೋಧಿ ಅಂತ ಬರೆದ್ರೂ ಅದು ಮೈದಾವೇ. 'ಹೋಲ್', ಅಂದ್ರೆ ಇಡೀ ಗೋಧಿ, ಅಂತ ಮೊದಲು ಬರ್ಬೇಕು."

"ನೋಡು, ಓದಿದವಳು ಅಂದ್ರೆ ಹೀಗೆ," ಎಂದರು ನಮ್ಮವರು. ನನಗೆ ಉರಿದುಹೋಯಿತು. ಹೊಟ್ಟೆಕಿಚ್ಚೇ, ಸುಳ್ಳು ಯಾಕೆ ಹೇಳಲಿ! ಹದಿನೈದು ವರ್ಷ ಬೇಯಿಸಿ ಹಾಕಿದವಳು ನಾನು. ಹೊಗಳಿಕೆ ಮಾತ್ರ ಒಂದು ನಿಮಿಷ ಪೊಟ್ಟಣ ಮಗುಚಿದವಳಿಗೆ. ಆಮೇಲೆ ನಾನು ಏನು ತಂದರೂ ಇವರದು ಒಂದೇ ಮಾತು: "ಶಶಿಗೆ ಫೋನ್ ಮಾಡಿ ಕೇಳು." ಕೇಳಿದರೆ ನನ್ನ ಹೆಸರು ಬದಲಿಸಿ!

ಕನ್ನಡ ಶಾಲೆಯಲ್ಲಿ ಹತ್ತನೇ ಮುಗಿಸಿದವಳು ನಾನು. ಹಠ ಹಿಡಿದು ಕಿರಾಣಿ ಅಂಗಡಿಯಲ್ಲೇ ನಿಂತು ಅಕ್ಷರ ಕೂಡಿಸಿ ಓದತೊಡಗಿದೆ. ಹಿಂದೆ ಗಿರಾಕಿಗಳ ಸಾಲು ಬೆಳೆದು ಅಂಗಡಿಯವನಿಗೆ ತಲೆಬಿಸಿ. "ಕಾಕೂ, ಯೇ ಲೈಬ್ರರಿ ಹೈ ಕ್ಯಾ?" ಕಾಕೂ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಇದೇನು ಲೈಬ್ರರಿಯಾ ಎಂದು ಅವನ ಪ್ರಶ್ನೆ. "ಹಾಂ, ಹೈ!" ಎಂದೆ. ರವೆ, ಶಾವಿಗೆ, ಬಿಸ್ಕತ್ತು ಒಂದನ್ನೂ ಬಿಡಲಿಲ್ಲ. ಮೇಲೆ ಕಾಳುಗಳ ಚಿತ್ರವಿದ್ದ ಬಿಸ್ಕತ್ತಿನಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ. ರಾಗಿ ಎಲ್ಲೋ ಬಾಲದಲ್ಲಿ. ಕೊನೆಗೆ ಮೊದಲ ಹೆಸರೇ ಇಡೀ ಗೋಧಿಯದಾಗಿದ್ದ ಬ್ರೆಡ್ಡು ಸಿಕ್ಕಿತು. ಇವರಿಗೆ ಓದಿ ತೋರಿಸಿದೆ. ತಿಂದರು, ಹೊಗಳಲಿಲ್ಲ, ಆದರೆ ಶಶಿಗೆ ಫೋನೂ ಹೋಗಲಿಲ್ಲ. ನನಗೆ ಅಷ್ಟೇ ಹಬ್ಬವಾಯಿತು.

ಮೇ ರಜೆಗೆ ಊರಿಗೆ ಹೋದೆವು. ಬೆಳಿಗ್ಗೆ ನನ್ನ ತಂಗಿ ಗೀತಾ ಇವರ ಮುಂದೆ ನಾಲ್ಕು ತುಂಡು ಬ್ರೆಡ್ಡಿನ ತಟ್ಟೆ ತಂದಿಟ್ಟಳು, ಪಕ್ಕದಲ್ಲಿ ಅದರ ಪೊಟ್ಟಣ. "ಭಾವನಿಗೆ ಅಂತಲೇ ಪೇಟೆಯಿಂದ ಕೆಂಪು ಬ್ರೆಡ್ ತರಿಸಿದ್ದು. ಶುಗರಿನವರಿಗೆ ಒಳ್ಳೇದಂತೆ."

ನನ್ನ ಕೈ ಸುಮ್ಮನಿರಬೇಕಲ್ಲ! ಪೊಟ್ಟಣ ಮಗುಚಿದೆ, ಓದಿದೆ. "ಎಂತ ಮಾರಾಯ್ತಿ, ಇದು ಬರೀ ಮೈದಾ! ಬಣ್ಣ ಹಾಕಿದ್ದು."

"ನೋಡಿದ್ಯಾ ಗೀತಾ, ನಿನ್ನ ಅಕ್ಕ ಎಷ್ಟು ಓದ್ತಾಳೆ ಈಗ!" ಇವರು ಹೆಮ್ಮೆಯಿಂದ ನಕ್ಕರು. ನಾನು ಇಷ್ಟು ದಿನ ಕಾದದ್ದು ಈ ಮಾತಿಗೇ.

ಗೀತಾ ನಗಲಿಲ್ಲ. "ಹೌದಪ್ಪ, ಬೊಂಬಾಯಿಯವರಿಗೆ ಎಲ್ಲ ಗೊತ್ತುಂಟು," ಎಂದು ತಟ್ಟೆ ಎತ್ತಿಕೊಂಡಳು. ಆ ಮುಖ ನನಗೆ ಗೊತ್ತಿತ್ತು. ಡೊಂಬಿವಲಿಯ ಅಡುಗೆಮನೆಯಲ್ಲಿ ಅದು ನನ್ನದೇ ಮುಖವಾಗಿತ್ತು. ಅಲ್ಲಿ ನಾನಿನ್ನೂ ಊರಿನವಳು. ಊರಿನಲ್ಲಿ ಆಗಲೇ ಶಶಿಯಾಗಿಬಿಟ್ಟಿದ್ದೆ.

"ಇಲ್ಲಿ ಕೊಡು ಗೀತಾ, ನನಗೆ ಹಸಿವುಂಟು," ಎಂದು ತಟ್ಟೆ ಎಳೆದುಕೊಂಡೆ. ಇವರು ಒಂದು ಸೌಟು ಗಂಜಿ ಉಂಡರು. ಆ ಬ್ರೆಡ್ಡಿನ ನಾಲ್ಕೂ ತುಂಡು ನಾನೇ ತಿಂದೆ, ಗೀತಾಳಿಗೆ ಕಾಣುವ ಹಾಗೆ.