ಅಕ್ಕನ ಮಂಡಿನೋವು

ಬೆಳಕು ಹರಿಯುವ ಮೊದಲೇ ಜಿಪ್ಪಕ್ಕ ಹೊದಿಕೆ ಮಡಿಸಿದಳು. ಮಡಿಸಿದ್ದು ಸರಿಯಾಗಲಿಲ್ಲವೆಂದು ಕೊಡವಿ ಮತ್ತೆ ಮಡಿಸಿದಳು. ನಲ್ಲಿಗೆ ಹೋಗಿ ಕ್ಯಾನು ತುಂಬಿಸಿಕೊಂಡು ಬಂದಳು. ರಾತ್ರಿಯೇ ತೊಳೆದಿಟ್ಟಿದ್ದ ಪಾತ್ರೆಯನ್ನು ಇನ್ನೊಮ್ಮೆ ತೊಳೆದಳು. ಅಂಗೈಯಗಲದ ಗ್ಯಾಸ್ ಒಲೆಯನ್ನು ಒರೆಸಿದಳು. ಹಗ್ಗದ ಮೇಲಿನ ಟವೆಲಿನ ಅಂಚಿಗೆ ಅಂಚು ಸೇರಿಸಿ ಹರವಿದಳು. ಬಿದ್ದಿದ್ದ ಟೊಂಗೆಯನ್ನೇ ಪೊರಕೆ ಮಾಡಿಕೊಂಡು ಟೆಂಟಿನ ಸುತ್ತ ಗುಡಿಸಿದಳು. ಆಮೇಲೆ ಅತ್ತೆಗೆ ಬಿಸಿನೀರು ಇಡೋಣವೆಂದು ಪಾತ್ರೆ ಎತ್ತಿದಳು.

ಆಗ ನೆನಪಾಯಿತು, ಅತ್ತೆ ಇಲ್ಲಿಲ್ಲ. ಬಿಸಿನೀರು ಬೇಕಾದವರು ಯಾರೂ ಇಲ್ಲಿಲ್ಲ. ಇರುವುದು ಗಾಳಿಮರದ ಕಾಡು, ಅದರಾಚೆ ಮರಳಿನ ದಿಬ್ಬ, ಅದರಾಚೆ ಸಮುದ್ರ.

ಪಕ್ಕದ ಟೆಂಟಿನಿಂದ ಒಬ್ಬ ಗಂಡಸು ತಲೆ ಹೊರಗೆ ಹಾಕಿದ.

“ಅಕ್ಕಾ, ಹಾಗೇ ನಮ್ಮ ಕಡೇನೂ ಒಂದು ಕೈ ನೋಡಿಬಿಡಿ.”

ಜಿಪ್ಪಕ್ಕ ಅವನ ಕಡೆಯೂ ಗುಡಿಸಿದಳು. ನಾನು ಇಲ್ಲಿ ಕೆಲಸಕ್ಕಿರುವವಳಲ್ಲ ಎಂದು ಹೇಳಬಹುದಿತ್ತು ಎಂದು ಹೊಳೆಯುವಷ್ಟರಲ್ಲಿ ಕೆಲಸ ಮುಗಿದೇ ಹೋಗಿತ್ತು.

ನಿಜವಾಗಿ ಕೆಲಸಕ್ಕಿದ್ದವಳು, ಈ ಶಿಬಿರದ ಉಸ್ತುವಾರಿ ನೋಡುವ ಹೆಂಗಸು, ಬಕೆಟ್ ಹಿಡಿದು ಅದೇ ದಾರಿಯಲ್ಲಿ ಬಂದಳು. ರಾಶಿ ಹಾಕಿದ ಎಲೆ ನೋಡಿ ನಿಂತಳು.

“ಏನ್ರೀ ಇದು? ಹೋದ ವರ್ಷಾನೇ ಹೇಳಿರ್ಲಿಲ್ವಾ? ಎಲೆ ಗುಡಿಸ್ಬೇಡಿ. ಎಲೆ ಇದ್ರೆ ಮರಳು ಬಿದ್ದಲ್ಲಿ ಬಿದ್ದಿರುತ್ತೆ. ಇಲ್ದಿದ್ರೆ ಒಂದು ಗಾಳಿಗೆ ಬಂದು ನಿಮ್ಮ ಹಾಸಿಗೆ ಮೇಲೆ ಮಲಗುತ್ತೆ.”

“ಕೈ ಸುಮ್ನಿರಲ್ಲ ಕಣ್ರೀ.”

“ಹಾಗಾದ್ರೆ ಕಟ್ಟಿ ಹಾಕ್ಕೊಳ್ಳಿ. ಕಸ ತೆಗೆಯೋಕೆ ನನಗೆ ಸಂಬಳ ಕೊಡ್ತಾರೆ. ನಿಮಗೆ ಯಾರು ಕೊಡ್ತಾರೆ?”

“ಯಾರೂ ಕೊಡಲ್ಲ.”

“ಮತ್ತೆ?”

ಇಬ್ಬರೂ ನಕ್ಕರು. ಎಲೆಯನ್ನು ಬೊಗಸೆ ಬೊಗಸೆಯಾಗಿ ಎತ್ತಿ ಮತ್ತೆ ನೆಲಕ್ಕೆ ಹರವಿದರು. ಗಾಳಿಮರದ ಎಲೆ, ಸೂಜಿಯಷ್ಟೇ ಸಣ್ಣದು.

ಸೂಜಿ ಅವಳಿಗೆ ಹೊಸದಲ್ಲ. ಹೊಲಿಗೆ ಅಂಗಡಿಯೊಂದರಲ್ಲಿ ಅವಳು ರಿಪೇರಿ ಕೆಲಸದವಳು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಹರಿದ ಜೇಬು ಹೊಲಿಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಜಿಪ್ಪು ಕೂರಿಸುವುದು. ಅದಕ್ಕೇ ಆ ಹೆಸರು. ಒಮ್ಮೆ ಯಾರೋ ಜಿಪ್ಪು ಕೆಟ್ಟ ಟೆಂಟೊಂದನ್ನು ತಂದು ಎಸೆದು ಹೋದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅದನ್ನು ನಿಲ್ಲಿಸಿ, ಒಳಗೆ ಕೂತು, ಹೊಸ ಜಿಪ್ಪು ಹೊಲಿದಳು. ಸರಿಯಾಗಿ ಓಡುತ್ತದೆಯೇ ನೋಡಲು ಮೇಲಿನಿಂದ ಕೆಳಗೆ ಎಳೆದಳು. ಮುಚ್ಚಿಕೊಂಡಿತು. ಒಳಗೆಲ್ಲ ಹಸಿರು ಬೆಳಕು. ಹೊರಗೆ ಮಾಲೀಕ “ಎಲ್ಲಿ ಹೋದ್ಳು ಇವಳು?” ಎಂದು ಕೂಗುತ್ತಿದ್ದ. ಮದುವೆಯಾದಂದಿನಿಂದ ಯಾರ ಕೂಗಿಗೂ ಓಗೊಡದೆ ಇದ್ದದ್ದು ಅದೇ ಮೊದಲು. ಟೆಂಟಿನವರು ಮತ್ತೆ ಬರಲೇ ಇಲ್ಲ. ಜಾಗ ತಿನ್ನುತ್ತೆ, ತಗೊಂಡು ಹೋಗು ಎಂದು ಕೊನೆಗೆ ಮಾಲೀಕನೇ ಕೊಟ್ಟುಬಿಟ್ಟ.

ಮನೆಯಲ್ಲಿ ಆಗಲೇ ಒಂದು ಸಲ ಕೇಳಿ ನೋಡಿದ್ದಳು, “ಎರಡು ದಿನ ಸಮುದ್ರದ ಹತ್ತಿರ ಹೋಗಿ ಬರ್ಲಾ?” ಗಂಡ ಖುಷಿಯಾಗಿ, “ಹೋಗಿ ಬರ್ಲಾ ಏನು, ಎಲ್ಲರೂ ಹೋಗೋಣ” ಎಂದ. ಎಲ್ಲರೂ ಹೋದರು. ಮೈದುನನ ಸಂಸಾರವೂ ಬಂತು. ಮರಳಲ್ಲಿ ಒಲೆ ಹೂಡಿ ಅಷ್ಟೂ ಜನಕ್ಕೆ ಬೇಯಿಸಿ ಹಾಕಿದಳು. ಅವಳು ಸಮುದ್ರ ನೋಡಿದ್ದು ಪಾತ್ರೆ ತೊಳೆಯಲು ಹೋದಾಗ.

ಹೆಂಗಸೊಬ್ಬಳು ಒಂಟಿಯಾಗಿ ಮನೆ ಬಿಟ್ಟು ಹೊರಟರೆ ಯಾರೂ ಪ್ರಶ್ನೆ ಕೇಳದ ಕಾರಣ ಒಂದೇ ಇದೆ: ಇನ್ನೊಂದು ಮನೆಯಲ್ಲಿ ಇನ್ನೊಬ್ಬರ ಸೇವೆ. ಅದನ್ನು ಹುಡುಕಿಕೊಟ್ಟವಳು ಅವಳ ಅಕ್ಕ. ಗಂಡ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ ಇರುವುದು. ಮೊದಲ ವರ್ಷ ಅಕ್ಕನ ಬಲಗಣ್ಣಿಗೆ ಆಪರೇಷನ್ ಆಯಿತು, ಬಾಯಿಮಾತಲ್ಲೇ. ಮರುವರ್ಷ ಎಡಗಣ್ಣಿಗೆ. “ಇನ್ನು ನನ್ನ ಹತ್ರ ಕಣ್ಣು ಉಳಿದಿಲ್ಲ ಕಣೇ,” ಎಂದು ಈ ಸಲ ಅಕ್ಕ ಮಂಡಿಗೆ ಬಂದಿದ್ದಳು.

ಎಡಗಾಲು ಸ್ವಾಧೀನವಿಲ್ಲದ ಅತ್ತೆಯ ಜೊತೆ, ವರ್ಷಕ್ಕೊಮ್ಮೆ ಅವಳು ಹೋಗುವ ಮೂರು ದಿನ, ಗಂಡ ರಜೆ ಹಾಕಿ ಮನೆಯಲ್ಲಿರುತ್ತಿದ್ದ. ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಅವನದು. ಕೆಟ್ಟವನಲ್ಲ. ಕುಡಿದು ಬಂದವನಲ್ಲ, ಕೈ ಎತ್ತಿದವನಲ್ಲ. ಕೂತಲ್ಲಿಗೆ ತಟ್ಟೆ ಬರುವುದು ಗಾಳಿ ಬೀಸಿದಷ್ಟೇ ಸಹಜ ಎಂದು ನಂಬಿದವನು, ಅಷ್ಟೇ. ಕೆಟ್ಟವನಾಗಿದ್ದರೆ ಸುಳ್ಳು ಹೇಳುವುದು ಎಷ್ಟೋ ಸುಲಭವಿತ್ತು. ಹೊರಡುವ ಮುಂಚೆ ಅವಳು ಸಾಂಬಾರಪುಡಿಯಿಂದ ಹಿಡಿದು ಸ್ನಾನದ ಸೋಪಿನವರೆಗೆ ಎಲ್ಲ ಕೈಗೆ ಸಿಗುವಂತೆ ಇಟ್ಟು, ಅತ್ತೆಯ ಮಾತ್ರೆಗಳನ್ನು ಹೊತ್ತಿಗೊಂದು ಬಟ್ಟಲಿಗೆ ಹಾಕಿ, ಫ್ರಿಜ್ಜಿನಲ್ಲಿ ಡಬ್ಬಿ ಜೋಡಿಸಿ ಬರುತ್ತಿದ್ದಳು. ಮೂರು ದಿನದ ಬಿಡುವಿಗೆ ಆರು ದಿನದ ಕೆಲಸ.

ಆದರೂ ಅಪರಾಧಿ ಭಾವ ಹೋಗುತ್ತಿರಲಿಲ್ಲ. ಮಡಿಚಿ ಹೊಲಿದ ಅಂಚಿನೊಳಗೆ ಮರೆತುಹೋದ ಗುಂಡುಪಿನ್ನಿನ ಹಾಗೆ ಅದು. ಓಡಾಡುತ್ತಿದ್ದಾಗ ಗೊತ್ತಾಗದು, ಕೂತರೆ ಚುಚ್ಚುವುದು. ಈಗಲೂ ಟೀ ಲೋಟ ಹಿಡಿದು ದಿಬ್ಬದ ಮೇಲೆ ಕೂತಳು. ಅತ್ತೆಯ ತಲೆ ಯಾರು ಬಾಚಿರುತ್ತಾರೆ ಎಂದು ಚುಚ್ಚಿತು. ಎದ್ದಳು.

ಫೋನ್ ಬಂತು. ಅಕ್ಕ.

“ಏಯ್, ಕೆಲಸ ಕೆಟ್ಟಿತು. ನಿನ್ನ ಗಂಡ ಫೋನ್ ಮಾಡಿದ್ದ. ಮಧ್ಯಾಹ್ನ ನಮಗಿಬ್ಬರಿಗೂ ಊಟ ತಗೊಂಡು ಬರ್ತಾನಂತೆ.”

“ಎಲ್ಲಿಂದ ತರ್ತಾರೆ?”

“ಎಲ್ಲಿಂದಲೂ ಅಲ್ಲ, ತಾನೇ ಮಾಡ್ತಾನಂತೆ! ತರಕಾರಿ ಗಂಜಿ. ನಿಮ್ಮ ಅತ್ತೆ ಒಲೆ ಪಕ್ಕ ಕುರ್ಚಿ ಹಾಕಿಸ್ಕೊಂಡು ಹೇಳಿಕೊಡ್ತಿದ್ದಾರೆ. ‘ಅವಳಿಗೆ ಅಲ್ಲೂ ದುಡಿತ, ಇಲ್ಲೂ ದುಡಿತ, ಒಂದು ಹೊತ್ತಾದ್ರೂ ಕೂತು ಉಣ್ಲಿ ಅತ್ತಿಗೆ’ ಅಂದ. ಹೇಗೆ ಬೇಡ ಅನ್ಲಿ?”

ಜಿಪ್ಪಕ್ಕ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟಳು.

“ಕೇಳಿಸ್ತಾ? ಈಗಿನ ಬಸ್ಸು ಹತ್ತಿದ್ರೆ ಅವನಿಗಿಂತ ಮುಂಚೆ ಬಂದು ಸೇರ್ತೀಯ. ನಾನು ಮಂಡಿಗೆ ಬಟ್ಟೆ ಸುತ್ಕೊಂಡು ಕೂತಿದ್ದೀನಿ. ಆಗ್ಲೇ ಎಡಗಾಲಿಗೆ ಸುತ್ತಿ, ಬಲಗಾಲು ಅಂದಿದ್ದು ನೆನಪಾಗಿ ಬಿಚ್ಚಿ ಮತ್ತೆ ಸುತ್ತಿದೆ.”

“ಅಕ್ಕಾ…”

“ಬರಕ್ಕಾಗಲ್ಲ ಅಂದ್ರೂ ಹೇಳು. ನಿನ್ನ ಕರ್ಕೊಂಡು ಆಸ್ಪತ್ರೆಗೆ ಹೋಗಿದ್ದೀನಿ, ರಾತ್ರಿಯಾಗುತ್ತೆ ಅಂತೀನಿ. ನನಗೇನು, ಇಷ್ಟು ಸುಳ್ಳು ಹೇಳಿದವಳಿಗೆ ಇನ್ನೊಂದು ಭಾರವಾ?”

“ಏನೂ ಹೇಳ್ಬೇಡ. ನಾನೇ ನೋಡ್ತೀನಿ.”

ಟೆಂಟು ಬಿಚ್ಚಿದಳು. ಕಂಬಿಗಳನ್ನು ಕಳಚಿದಳು, ಬಟ್ಟೆಯನ್ನು ಮಡಿಸಿ ಸುತ್ತಿದಳು, ಚೀಲಕ್ಕೆ ತುರುಕಿದಳು. ಬೆನ್ನ ಮೇಲೆ ಹೇರಿಕೊಂಡು ಶಿಬಿರದ ಗೇಟಿನ ಹೊರಗೆ, ರಸ್ತೆಯ ಬದಿಯಲ್ಲಿ ನಿಂತಳು. ಕಣ್ಣ ಮುಂದೆ ಗಂಡ. ಬಣ್ಣದ ಕಲೆ ಹೋಗದ ಬೆರಳುಗಳಲ್ಲಿ ಕ್ಯಾರೆಟ್ ಹೆಚ್ಚುತ್ತಿರುವವನು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗಾಗಿ ಒಲೆ ಹಚ್ಚಿದ್ದಾನೆ, ಹಚ್ಚಿದ್ದೂ ಒಂದು ಸುಳ್ಳನ್ನು ನಂಬಿ. ಅವನ ಒಳ್ಳೆಯತನಕ್ಕೆ ಇದೇ ದಿನ ಬೇಕಿತ್ತೇ ಎಂದು ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು.

ಇವತ್ತು ಹೋಗಿ ಅಕ್ಕನ ಮನೆಯಲ್ಲಿ ಕೂತು ಆ ಗಂಜಿ ಉಂಡರೆ ಎಲ್ಲವೂ ಸರಿಹೋಗುತ್ತದೆ. ಮುಂದಿನ ವರ್ಷಕ್ಕೆ ಅಕ್ಕನ ಸೊಂಟ ಇದ್ದೇ ಇದೆ. ಆದರೆ ಅವನು ಎದುರಿಗೆ ಕೂತು “ಉಪ್ಪು ಸರಿಯಿದೆಯಾ?” ಎಂದು ಕೇಳುತ್ತಾನೆ. ಆಗ ಅವನ ಮುಖ ನೋಡಿಕೊಂಡು ನುಂಗಲು ಆಗುತ್ತದೆಯೇ? ನಿಜ ಹೇಳಿದರೆ ಗಂಜಿಯೂ ಹೋಯಿತು, ಮುಂದಿನ ವರ್ಷವೂ ಹೋಯಿತು.

ಬಸ್ಸು ಬಂತು. ಬಾಗಿಲು ತೆರೆಯಿತು.

“ಹತ್ತೀರೇನಮ್ಮಾ?” ಎಂದ ಡ್ರೈವರ್.

ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಮತ್ತೆ ಕೆಳಗಿಳಿಸಿದಳು.

“ಇಲ್ಲಪ್ಪ. ನೀವು ಹೊರಡಿ.”

ಬಸ್ಸಿನ ಧೂಳು ಇಳಿಯುವವರೆಗೆ ಕಾದು ಗಂಡನಿಗೆ ಫೋನ್ ಮಾಡಿದಳು. ಆ ಕಡೆ ಯಾವುದೋ ಮುಚ್ಚಳ ಬಿದ್ದ ಸದ್ದು, ಅತ್ತೆಯ ಗದರಿಕೆ.

“ನೀನ್ಯಾಕೆ ಫೋನ್ ಮಾಡ್ದೆ? ಅತ್ತಿಗೆ ಹೇಳಿಬಿಟ್ರಾ? ಸರಿ, ಉಪ್ಪು ಮೊದಲಾ ಆಮೇಲಾ, ಅಷ್ಟು ಹೇಳು.”

“ರೀ, ಅಲ್ಲಿಗೆ ಹೋಗ್ಬೇಡಿ. ನಾನು ಅಕ್ಕನ ಮನೇಲಿಲ್ಲ.”

“ಮತ್ತೆಲ್ಲಿದ್ದೀಯ?”

“ಸಮುದ್ರದ ಹತ್ತಿರ, ಕಾಡಲ್ಲಿ. ಟೆಂಟ್ ಹಾಕ್ಕೊಂಡು ಒಬ್ಬಳೇ ಇದ್ದೀನಿ. ಅಕ್ಕನ ಮಂಡಿಗೆ ಏನೂ ಆಗಿಲ್ಲ. ಕಣ್ಣಿಗೂ ಆಗಿರ್ಲಿಲ್ಲ. ಮೂರು ವರ್ಷದಿಂದ ಸುಳ್ಳು ಹೇಳಿದ್ದೀನಿ. ತಪ್ಪಾಯ್ತು.”

ಆ ಕಡೆ ಗಂಜಿ ಕುದಿಯುವುದು ಕೇಳುತ್ತಿತ್ತು.

“ಒಬ್ಬಳೇನಾ?” ಎಂದ. ಆಮೇಲೆ, “ಈ ಗಂಜಿ ಏನು ಮಾಡ್ಲಿ?”

“ನೀವು, ಅತ್ತೆ ಊಟ ಮಾಡಿ.” ಬೆನ್ನ ಮೇಲಿನ ಚೀಲ ಕೆಳಗಿಳಿಸಿದಳು. “ನಾನು ನಾಳೆ ಸಂಜೆ ಬರ್ತೀನಿ. ಇವತ್ತು ಬರಲ್ಲ.”

ಅವನೇ ಫೋನ್ ಇಟ್ಟ. ಕೋಪವೋ, ಗಂಜಿ ತಳ ಹಿಡಿಯುತ್ತಿತ್ತೋ, ತಿಳಿಯಲಿಲ್ಲ. ನಾಳೆ ಸಂಜೆ ತಿಳಿಯುತ್ತದೆ.

ಜಿಪ್ಪಕ್ಕ ವಾಪಸ್ ಬಂದು ಎಲೆಗಳ ಮೇಲೆಯೇ ಟೆಂಟು ಹರಡಿದಳು, ಕಂಬಿ ಜೋಡಿಸಿದಳು. ಒಳಗೆ ಹೋಗಿ ಕೂತಳು. ಪಿನ್ನು ಚುಚ್ಚಿತು. ಚುಚ್ಚಿಸಿಕೊಂಡೇ, ಏಳದೆ, ಜಿಪ್ಪನ್ನು ಮೇಲಿನಿಂದ ಕೆಳಗೆ ಎಳೆದಳು.