ನಕ್ಷತ್ರ ಕಟ್ಟುವ ಏಣಿ

ಬಳ್ಳಾರಿಯ ಒಂದು ಪತ್ರಿಕೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ನಾನು ಜಿಲ್ಲಾ ಪುಟ ನೋಡಿಕೊಳ್ಳುತ್ತಿದ್ದೇನೆ. ತಾಲ್ಲೂಕುಗಳಿಂದ ಬರುವ ಸಣ್ಣ ಸುದ್ದಿಗಳನ್ನು ತಿದ್ದಿ, ತಲೆಬರಹ ಕೊಟ್ಟು, ಒಂದು ಕಾಲಂಗೆ ಇಳಿಸುವುದು ನನ್ನ ಕೆಲಸ. ಇದನ್ನು ಬಹಳ ದಿನ ಮಾಡಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಮನೆಯ ಯಾವ ವಸ್ತುವನ್ನು ನೋಡಿದರೂ ಅದು ಯಾವ ಊರಿನಲ್ಲಿ, ಯಾರ ಜೀವ, ಹೇಗೆ ತೆಗೆದಿತ್ತು ಎಂಬುದು ನೆನಪಾಗುತ್ತದೆ.

ಕಳೆದ ಡಿಸೆಂಬರಿನಲ್ಲಿ ಅವ್ವನಿಗೆ ಕ್ರಿಸ್‌ಮಸ್ ಉಡುಗೊರೆ ಹುಡುಕುತ್ತ ಬೆಂಗಳೂರು ರಸ್ತೆಯ ಅಂಗಡಿಗಳಲ್ಲಿ ಮೂರು ಸಂಜೆ ಅಲೆದೆ. ಅವ್ವನಿಗೆ ಎಪ್ಪತ್ತಾರು. ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾಗಿ ಸಿರುಗುಪ್ಪದಲ್ಲಿ ನನ್ನ ತಂಗಿಯ ಸಂಸಾರದ ಜೊತೆ ಇದ್ದಾಳೆ. ಉಣ್ಣೆಯ ಶಾಲು ಕೈಗೆತ್ತಿಕೊಂಡೆ; ಒಲೆಯ ಮುಂದೆ ಬಗ್ಗಿದಾಗ ಅಂಚಿಗೆ ಬೆಂಕಿ ತಗುಲಿದ ಒಂದು ಸುದ್ದಿ ನೆನಪಾಗಿ ಕೆಳಗಿಟ್ಟೆ. ಗ್ಯಾಸ್ ಗೀಸರ್ ತೋರಿಸಿದ ಅಂಗಡಿಯವನಿಗೆ, ಬಚ್ಚಲಮನೆಗೆ ಕಿಟಕಿ ಎಷ್ಟು ದೊಡ್ಡದಿರಬೇಕು ಎಂದು ಕೇಳಿ ಕೇಳಿ ಸಾಕುಸಾಕು ಮಾಡಿದೆ. ದೊಡ್ಡ ಪರದೆಯ ಫೋನ್ ಕೊಟ್ಟರೆ ಬ್ಯಾಂಕಿನವರೆಂದು ಹೇಳಿಕೊಂಡು ಯಾರಾದರೂ ಕರೆ ಮಾಡುತ್ತಾರೆ. ಬರಿಗೈಯಲ್ಲಿ ಮನೆಗೆ ಬಂದು ಅವ್ವನಿಗೇ ಫೋನ್ ಮಾಡಿದೆ.

"ಏನ್ ಬೇಕವ್ವಾ ಈ ಸಲ?"

"ನನಗೇನ್ ಬೇಕಲೇ? ಹೋದ ವರ್ಷ ಕೊಟ್ಟ ಸೀರಿ ಘಳಿಗಿ ಬಿಚ್ಚಿಲ್ಲ. ಎರಡ ದಿನ ರಜಾ ಹಾಕಿ ಬಾ, ಅಷ್ಟ ಸಾಕು."

ನಿಜವಾಗಿ ನನ್ನ ಹೆದರಿಕೆ ಶಾಲಿನದೂ ಅಲ್ಲ, ಗೀಸರಿನದೂ ಅಲ್ಲ. ಅದು ಏಣಿಯದು.

ಸಿರುಗುಪ್ಪದ ಮನೆ ಒಂದೇ ಅಂತಸ್ತಿನದು. ಮಾಳಿಗೆಗೆ, ಅಂದರೆ ಮೇಲಿನ ತಾರಸಿಗೆ, ಮೆಟ್ಟಿಲಿಲ್ಲ; ಅಂಗಳದ ಗೋಡೆಗೆ ಒಂದು ಮರದ ಏಣಿ ಆನಿಸಿರುತ್ತದೆ. ಕ್ರಿಸ್‌ಮಸ್‌ಗೆ ನಾಲ್ಕು ವಾರ ಮೊದಲು ಅವ್ವ ಆ ಏಣಿ ಹತ್ತಿ, ಮಾಳಿಗೆಯ ಅಂಚಿನ ಬಿದಿರಿನ ಗಳಕ್ಕೆ, ಒಳಗೆ ಬಲ್ಬು ಉರಿಯುವ ಕಾಗದದ ನಕ್ಷತ್ರ ಕಟ್ಟುತ್ತಾಳೆ. ಅಪ್ಪ ಇದ್ದಾಗಲೂ ಅವಳೇ ಕಟ್ಟುತ್ತಿದ್ದಳು. ತಂಗಿಯ ಗಂಡ ಒಂದು ವರ್ಷ ಕಟ್ಟಿದ್ದ. ಅದು ಸೊಟ್ಟಗಿತ್ತೆಂದು ಮರುದಿನ ಅವ್ವ ಹತ್ತಿ ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಅವನು ಆ ಕಡೆ ತಲೆ ಹಾಕಿಲ್ಲ. ಡಿಸೆಂಬರಿನ ಗಾಳಿಗೆ ನಕ್ಷತ್ರ ವಾರಕ್ಕೊಮ್ಮೆಯಾದರೂ ಬೀದಿಗೆ ಬೆನ್ನು ಹಾಕುತ್ತದೆ. ಅದನ್ನು ತಿರುಗಿಸಲು ಅವ್ವ ವಾರಕ್ಕೊಮ್ಮೆಯಾದರೂ ಹತ್ತುತ್ತಾಳೆ. ಬೇಡವೆಂದು ನಾವು ಹೇಳಿದಾಗಲೆಲ್ಲ ಒಂದೇ ಉತ್ತರ: "ನಾ ಬಿದ್ದದ್ದು ನೋಡೀರೇನು?" ನಾವು ನೋಡಿರಲಿಲ್ಲ.

ಡಿಸೆಂಬರ್ ಎರಡನೇ ವಾರದ ಒಂದು ಮಧ್ಯಾಹ್ನ, ಮೂರು ನಲವತ್ತಕ್ಕೆ, ಸಿರುಗುಪ್ಪದ ನಮ್ಮ ವರದಿಗಾರನಿಂದ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಬಂತು. ಅದನ್ನು ಬಂದ ಹಾಗೆಯೇ ಬರೆಯುತ್ತೇನೆ: "ಏಣಿಯಿಂದ ಬಿದ್ದು ವೃದ್ಧೆ ಸಾವು. ಸಿರುಗುಪ್ಪ: ಮಾಳಿಗೆ ಏರುವಾಗ ಆಯತಪ್ಪಿ ಬಿದ್ದ ವೃದ್ಧೆಯೊಬ್ಬರು ಮೃತಪಟ್ಟಿದ್ದಾರೆ. ಹೆಸರು, ವಯಸ್ಸು ನಂತರ."

ಹೆಸರು ನಂತರ ಕಳಿಸುವುದು ನಮ್ಮಲ್ಲಿ ದಿನದ ರೂಢಿ. ಪೊಲೀಸರು ಹೆಸರು ಕೊಡುವುದು ತಡವಾಗುತ್ತದೆ. ಪುಟದಲ್ಲಿ ಜಾಗ ಹಿಡಿದಿಡಲು ಸುದ್ದಿಯನ್ನು ಮೊದಲು ಕಳಿಸುತ್ತಾರೆ. ಆ ರೂಢಿ ಹಾಕಿಕೊಟ್ಟವನು ನಾನೇ. ಆ ವರದಿಗಾರ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ನನ್ನ ತಾಯಿ ಸಿರುಗುಪ್ಪದಲ್ಲಿರುವುದು ಅವನಿಗೆ ಗೊತ್ತಿರಲಿಲ್ಲ.

ಅವ್ವನಿಗೆ ಕರೆ ಮಾಡಿದೆ. ಪೂರ್ತಿ ರಿಂಗ್ ಆಗಿ ನಿಂತಿತು. ಮತ್ತೆ ಮಾಡಿದೆ. ಮತ್ತೆ. ತಂಗಿ ಶಾಲೆಯಲ್ಲಿ ಪಾಠ ಮಾಡುವ ಹೊತ್ತು, ಅವಳ ಫೋನ್ ಆಫ್. ವರದಿಗಾರನ ಫೋನ್ ಬೇರೆ ಕರೆಯಲ್ಲಿತ್ತು. ಪರದೆಯ ಮೇಲೆ ಆ ನಾಲ್ಕು ಸಾಲು ಹಾಗೇ ಇತ್ತು. "ವೃದ್ಧೆಯೊಬ್ಬರು" ಎಂಬ ಪದವನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ, ಅದರೊಳಗೆ ಒಬ್ಬರು ಕುಳಿತಿರುತ್ತಾರೆ ಎಂದು ಆ ದಿನದವರೆಗೆ ಅನ್ನಿಸಿರಲಿಲ್ಲ. ಪಕ್ಕದ ಮೇಜಿನವರಿಗೆ ಕಾಣಬಾರದೆಂದು ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಒಂದು ಮಾತನ್ನು ಮುಚ್ಚಿಡಬಾರದು: ಆ ಹೊತ್ತಿನಲ್ಲೂ, ಸತ್ತವರು ನಿವೃತ್ತ ಶಿಕ್ಷಕಿಯಾದರೆ ಸುದ್ದಿಗೆ ಎರಡು ಕಾಲಂ ಕೊಡುತ್ತೇವೆ ಎಂಬ ಯೋಚನೆ ತಲೆಯಲ್ಲಿ ಹಾದುಹೋಯಿತು.

ನಾಲ್ಕು ಗಂಟೆ ಎರಡು ನಿಮಿಷಕ್ಕೆ ವರದಿಗಾರ ಕರೆ ಮಾಡಿ ಹೆಸರು ಹೇಳಿದ. ತಾಲ್ಲೂಕಿನ ಒಂದು ಹಳ್ಳಿಯವರು. ಮೆಣಸಿನಕಾಯಿ ಹರವಲು ಮಾಳಿಗೆ ಹತ್ತಿದ್ದರು.

"ಸದ್ಯ," ಎಂದೆ, ಜೋರಾಗಿಯೇ.

"ಏನ್ ಸರ್?" ಎಂದ ಅವನು.

ಏನಿಲ್ಲ ಎಂದು ಫೋನಿಟ್ಟೆ. ಆ ಹೆಂಗಸಿನ ಸಾವನ್ನು ತಿದ್ದಿ, ತಲೆಬರಹ ಕೊಟ್ಟು ಕಳಿಸಿದವನು ನಾನು. ಆ "ಸದ್ಯ" ಎಂಬ ಮಾತು ಈಗಲೂ ನನ್ನ ಹತ್ತಿರ ಇದೆ.

ನಾಲ್ಕೂ ಇಪ್ಪತ್ತಕ್ಕೆ ಅವ್ವನೇ ಕರೆ ಮಾಡಿದಳು. "ಎಂಟ್ ಸಲ ಮಾಡೀಯಲ್ಲಲೇ, ಏನ್ ಬೆಂಕಿ ಬಿದ್ದೈತಿ?"

"ಎಲ್ಲಿದ್ದಿ?"

"ಮ್ಯಾಲ ಇದ್ದೆ. ಚುಕ್ಕಿ ತಿರುಗಿತ್ತು, ಸರಿ ಮಾಡಾಕ ಹೋಗಿದ್ದೆ. ಫೋನ್ ಕೆಳಗಿತ್ತು."

ಆ ಸಂಜೆಯೇ ಉಡುಗೊರೆ ಏನೆಂಬುದು ಹೊಳೆಯಿತು. ಕೆಲಸದ ಕೊನೆಯ ಆರು ವರ್ಷ ಅವ್ವ ಕುರುಗೋಡಿನ ಶಾಲೆಯಲ್ಲಿದ್ದಳು. ಅಲ್ಲಿ ಸ್ವಾತಂತ್ರ್ಯ ದಿನದಂದು ಧ್ವಜ ಏರಿಸುವ ಗಣ್ಯರು ಯಾರೇ ಆಗಲಿ, ಹಿಂದಿನ ದಿನ ಹಗ್ಗ ಎಳೆದು, ಬಿಟ್ಟು, ಪರೀಕ್ಷೆ ಮಾಡುತ್ತಿದ್ದವಳು ಅವಳು. ಕಂಬದ ತುದಿಯ ಗಡಗಡಿ, ಬಾವಿಯ ರಾಟೆಯ ಸಣ್ಣ ತಮ್ಮನಂಥದ್ದು, ಹಗ್ಗವನ್ನು ಎಷ್ಟು ಸಲೀಸಾಗಿ ತಿರುಗಿಸುತ್ತಿತ್ತು ಎಂಬುದು ನನಗೆ ನೆನಪಿತ್ತು. ನಕ್ಷತ್ರಕ್ಕೂ ಅಂಥದೊಂದು ಕಂಬ ಇದ್ದರೆ ಅವ್ವ ಅಂಗಳದಲ್ಲೇ ನಿಂತು ಏರಿಸಬಹುದು, ಇಳಿಸಬಹುದು, ತಿರುಗಿಸಬಹುದು. ಏಣಿಯ ಕೆಲಸವೇ ಇರುವುದಿಲ್ಲ.

ಭಾನುವಾರ ಬಸ್ಸಿನಲ್ಲಿ ಕುರುಗೋಡಿಗೆ ಹೋದೆ. ಶಾಲೆಯ ಕಂಬ ಮಾಡಿಕೊಟ್ಟ ವೆಲ್ಡಿಂಗ್ ಅಂಗಡಿ ಸಂತೆಯ ಕಡೆ ಹೋಗುವ ದಾರಿಯಲ್ಲಿ ಇನ್ನೂ ಇತ್ತು. ಅಂಗಡಿಯ ಸಾಹೇಬರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಯಾರಿಗೆಂದು ಹೇಳಿದ ಕೂಡಲೇ ಕಣ್ಣಿನ ಕಪ್ಪು ಕನ್ನಡಕ ಹಣೆಗೇರಿಸಿದರು.

"ಟೀಚರಮ್ಮಗ? ಯಾ ಅಲ್ಲಾ! ಗಡಗಡಿ ಕಿರ್ ಅಂತೈತಿ ಅಂತ ಮೂರ್ ಸಲ ಕರಸ್ಯಾರ ನನ್ನ. ಜನಗಣಮನದಾಗ ಕಿರ್ ಅಂದ್ರ ನಿನ್ನ ಕಂಬಕ್ಕ ಕಟ್ತೀನಿ ಅಂದಿದ್ರು."

"ಈಗಲೂ ಹಂಗ ಅದಾಳ್ರಿ."

"ಹಂಗಾದ್ರ ಬೇರಿಂಗ್ ಹಾಕಿ ಮಾಡ್ತೀನಿ, ಸರ್. ಇಪ್ಪತ್ನಾಲ್ಕಕ್ಕ ಸಿರುಗುಪ್ಪಕ್ಕ ಒಂದ ಗೇಟ್ ಕೊಡಾಕ ಹೊಂಟೀನಿ. ಅದ ಗಾಡ್ಯಾಗ ತರ್ತೀನಿ."

ಇಪ್ಪತ್ತನಾಲ್ಕರ ಬೆಳಿಗ್ಗೆ ಗಾಡಿ ಮನೆಯ ಮುಂದೆ ನಿಂತಾಗ ಅವ್ವ ಕರ್ಜಿಕಾಯಿಗೆ ಹೂರಣ ಕಲಸುತ್ತಿದ್ದಳು. ಹೂರಣದ ಕೈಯಲ್ಲೇ ಹೊರಗೆ ಬಂದು ನೀಲಿ ಬಣ್ಣದ ಆ ಪೈಪನ್ನು ತುದಿಯಿಂದ ಬುಡದವರೆಗೆ ನೋಡಿದಳು. ನಾನು ವಿವರಿಸಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ.

"ನನ್ನ ಕೆಳಗ ಇಳಸಾಕ ತಂದೀಯೇನು ಇದನ್ನ?"

"ಹೂಂ," ಎಂದೆ. ಸುಳ್ಳು ಹೇಳಲು ಆಗಲಿಲ್ಲ.

ಅವಳು ಒಳಗೆ ಹೋದಳು. ಕೈ ತೊಳೆದ ಸದ್ದು ಕೇಳಿಸಿತು. ಸಾಹೇಬರು ನನ್ನ ಮುಖ ನೋಡಿದರು. ಐದು ನಿಮಿಷದ ನಂತರ ಹೊರಗೆ ಬಂದವಳು ಕೇಳಿದ್ದು ಇಷ್ಟೇ: "ಹಗ್ಗದ ಜೋಡಿ ಕರೆಂಟಿನ ವೈರೂ ಏರಬೇಕಲ್ಲ? ಅದನ್ನ ವಿಚಾರ ಮಾಡೀಯೇನು?" ಮಾಡಿರಲಿಲ್ಲ. ಕಬ್ಬಿಣದ ಕಂಬ, ಅದರ ಪಕ್ಕದಲ್ಲೇ ವೈರು. ಆ ಸುದ್ದಿಯ ತಲೆಬರಹ ಕೂಡ ನನಗೆ ಕಂಡಿತು. "ಬ್ಯಾಟರಿ ಬಲ್ಬ್ ತರಸು," ಎಂದು ಅವಳೇ ತೀರ್ಮಾನ ಕೊಟ್ಟಳು.

ಕಂಬವನ್ನು ಗೋಡೆಗೆ ಎರಡು ಕಡೆ ಕಬ್ಬಿಣದ ಪಟ್ಟಿಯಿಂದ ಬಿಗಿಯಬೇಕಿತ್ತು. ಕೆಳಗಿನದನ್ನು ಸಾಹೇಬರು ಬಿಗಿದರು. ಮೇಲಿನದಕ್ಕೆ ಒಬ್ಬರು ಕಂಬವನ್ನು ನೆಟ್ಟಗೆ ಹಿಡಿಯಬೇಕು, ಇನ್ನೊಬ್ಬರು ಏಣಿ ಹತ್ತಬೇಕು. ಹಿಡಿಯುವ ಬಲ ಸಾಹೇಬರಿಗೇ ಇತ್ತು. ತಂಗಿಯ ಗಂಡ ಕೇಕ್ ತರಲು ಪೇಟೆಗೆ ಹೋಗಿದ್ದ.

ಹತ್ತಿದೆ. ಆ ಏಣಿಯನ್ನು ನಾನು ಹತ್ತಿದ್ದು ಅದೇ ಮೊದಲು. ಬೇಡ ಎಂದು ಕೆಳಗೆ ನಿಂತು ಹೇಳಿದ್ದೆನೇ ಹೊರತು, ಒಮ್ಮೆಯೂ ಹತ್ತಿ ನೋಡಿರಲಿಲ್ಲ. ನಾಲ್ಕನೇ ಮೆಟ್ಟಿಲಿಗೆ ಏಣಿ ಒಳಕ್ಕೆ ಬಾಗಿತು. ಅಂಗಳದ ಬಂಡೆಗಲ್ಲು ಕೆಳಗೆ ಹೊಳೆಯುತ್ತಿತ್ತು. ಬೋಲ್ಟು ಬಿಗಿಯಲು ಜೇಬಿನಲ್ಲಿಟ್ಟಿದ್ದ ಪಾನಾ ತೊಡೆಗೆ ಒತ್ತುತ್ತಿತ್ತು.

"ಟೀಚರಮ್ಮ, ಏಣಿ ಗಟ್ಟಿ ಹಿಡೀರಿ," ಎಂದರು ಸಾಹೇಬರು. "ಇಲ್ಲಾಂದ್ರ ನಾಳಿ ಪೇಪರಿನ್ಯಾಗ ಇವರದ ಸುದ್ದಿ."

"ನಾಳಿನ ಪುಟದಾಗ ಜಾಗ ಇಲ್ರಿ," ಎಂದೆ.

ಆಗ ಕೆಳಗಿನಿಂದ ಅವ್ವ ಕೂಗಿದಳು. "ಲೇ, ಮ್ಯಾಲಿಂದ ಮೂರನೇದ್ದರ ಮ್ಯಾಲ ಕಾಲಿಡಬ್ಯಾಡ! ಅದು ತಿರುಗತೈತಿ!"

ನೋಡಿದೆ. ಮೇಲಿನಿಂದ ಮೂರನೇ ಮೆಟ್ಟಿಲಿನ ಒಂದು ತುದಿ ತೂತಿನಿಂದ ಸಡಿಲಾಗಿತ್ತು. ಅದನ್ನು ಹಳೆಯ ಸೀರೆಯ ಅಂಚಿನಿಂದ ಸುತ್ತಿ ಕಟ್ಟಲಾಗಿತ್ತು. ಗಂಟು ಅವ್ವನದೇ. ಬಟ್ಟೆ ಬಿಸಿಲಿಗೆ ಬಣ್ಣ ಬಿಟ್ಟಿತ್ತು. ಕಟ್ಟಿ ವರ್ಷವಾದರೂ ಆಗಿತ್ತು.

ಆ ಮೆಟ್ಟಿಲನ್ನು ದಾಟಿ, ಪಟ್ಟಿ ಬಿಗಿದು, ಗಳದಲ್ಲಿದ್ದ ನಕ್ಷತ್ರ ಬಿಚ್ಚಿಕೊಂಡು, ಹೇಗೋ ಇಳಿದೆ. ಸಾಹೇಬರು ಗೇಟು ಇಳಿಸಲು ಹೊರಟ ಮೇಲೆ ಕೇಳಿದೆ.

"ಯಾವಾಗ ಬಿದ್ದಿ?"

ಅವ್ವ ನಕ್ಷತ್ರದ ಧೂಳು ಒರೆಸುತ್ತಿದ್ದಳು. "ಹೋದ ಕ್ರಿಸ್‌ಮಸ್ಸಿಗೆ. ಮೂರ್ ದಿನ ಮುಂಚೆ."

ಆ ಹಿಂದಿನ ವರ್ಷ ಅವಳು ಸೊಂಟ ಹಿಡಿದಿದೆ ಎಂದಿದ್ದಳು. ನೀರಿನ ಬಕೆಟ್ ಎತ್ತಿದ್ದಕ್ಕೆ ಎಂದಿದ್ದಳು. ಚರ್ಚಿನಲ್ಲಿ ಎಲ್ಲರೂ ಮಂಡಿಯೂರಿದಾಗ ಅವಳು ಕುಳಿತೇ ಇದ್ದಳು. ನಾನು ಬಕೆಟ್ಟಿನ ಮೇಲೆ ಸಿಟ್ಟು ಮಾಡಿ, ಸಣ್ಣದೊಂದು ಬಕೆಟ್ ತಂದುಕೊಟ್ಟಿದ್ದೆ. ಯಾವ ಸುದ್ದಿಯನ್ನೂ ಎರಡು ಸಲ ಕೇಳದೆ ಬಿಡದವನು ಅದನ್ನು ಒಂದೇ ಸಲಕ್ಕೆ ನಂಬಿದ್ದೆ.

"ಹೇಳಾಕ ಏನಾಗಿತ್ತವ್ವಾ?"

"ಹೇಳಿದ್ರ ಏಣಿ ಒಯ್ತಿದ್ರಿ." ನಕ್ಷತ್ರವನ್ನು ಮಗುಚಿ ಇನ್ನೊಂದು ಬದಿ ಒರೆಸುತ್ತ ಅಂದಳು: "ಬಿದ್ದ ಮ್ಯಾಲ ಅಂಗಳದಾಗ ಹಂಗ ಮಲಗಿದ್ದೆ. ಕಾಲು ಅಲ್ಲಾಡ್ತಾವೋ ಇಲ್ಲೋ ಅಂತ ನೋಡಾಕ ಧೈರ್ಯ ಬರಲಿಲ್ಲ. ಆಮ್ಯಾಲ ಪ್ರತಿ ಸಲ ಹತ್ತೂವಾಗ ಕೈ ನಡಗತಾವ."

"ಮತ್ಯಾಕ ಹತ್ತತಿ?"

"ಒಂದ ಸಲ ಬಿಟ್ನಿ ಅಂದ್ರ, ನೀವು ನನ್ನ ಯಾವುದಕ್ಕೂ ಏಳಗೊಡಂಗಿಲ್ಲ."

ಅವಳು ಹೇಳಿದ್ದು ಸರಿಯಾಗಿತ್ತು.

ತಂಗಿ ಬ್ಯಾಟರಿ ಬಲ್ಬು ತಂದ ಮೇಲೆ, ಹೊತ್ತು ಮುಳುಗುವ ಮುಂಚೆ, ಅವ್ವ ಅಂಗಳದಲ್ಲಿ ನಿಂತು ಹಗ್ಗ ಎಳೆದಳು. ಗಡಗಡಿ ಕಿರ್ ಎನ್ನಲಿಲ್ಲ. ನಕ್ಷತ್ರ ಒಂದೇ ಸಮನೆ ಮೇಲೆ ಹೋಯಿತು. ಹಗ್ಗವನ್ನು ಕೊಕ್ಕೆಗೆ ಎಂಟರ ಆಕಾರದಲ್ಲಿ ಸುತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಸೊಟ್ಟ ಐತಿ," ಎಂದು ಮತ್ತೆ ಇಳಿಸಿದಳು. ಮೂರು ಸಲ ಇಳಿಸಿ ಏರಿಸಿದಳು. ಏಣಿಯನ್ನು ನಾನು ಒಯ್ಯಲಿಲ್ಲ. ಒಯ್ಯುವುದಿಲ್ಲ ಎಂದು ಮಾತು ಕೊಟ್ಟೆ. ಅವಳೂ ನಾನೂ ಸೇರಿ ಅದನ್ನು ಗೋಡೆಯ ಬುಡಕ್ಕೆ ಅಡ್ಡ ಮಲಗಿಸಿದೆವು. ಅವಳು ಕೇಳದ ಒಂದು ಮಾತನ್ನೂ ಕೊಟ್ಟೆ: ಇನ್ನು ಮುಂದೆ ಬಿದ್ದರೆ ಬೈಯುವುದಿಲ್ಲ, ಹೇಳು.

ಬಳ್ಳಾರಿಗೆ ಬಂದ ಮೇಲೆ ತಾಲ್ಲೂಕು ವರದಿಗಾರರಿಗೆ ಹೇಳಿದ್ದೇನೆ: ಹೆಸರು ಸಿಗುವವರೆಗೆ ಸಾವಿನ ಸುದ್ದಿ ಕಳಿಸಬೇಡಿ, ಜಾಗ ನಾನು ಹಿಡಿದಿರುತ್ತೇನೆ. ದಿನವೂ ನಾಲ್ಕು ಗಂಟೆಗೆ ಅವ್ವನಿಗೆ ಫೋನ್ ಮಾಡುತ್ತೇನೆ. ಮೊದಲೆಲ್ಲ "ಹೇಳಪಾ" ಎನ್ನುತ್ತಿದ್ದಳು. ಈಗ ಫೋನ್ ಎತ್ತಿದ ಕೂಡಲೇ, ನಾನು ಬಾಯಿ ತೆರೆಯುವ ಮೊದಲೇ, "ಕೆಳಗ ಅದೀನಿ ತಗೋ," ಎನ್ನುತ್ತಾಳೆ.

ಸರಿ ಎನ್ನುತ್ತೇನೆ. ಆದರೂ ಅವಳು ಮಾತಾಡುತ್ತಿರುವಷ್ಟು ಹೊತ್ತೂ, ಆ ಕಡೆ ಮಾಳಿಗೆಯ ಗಾಳಿಯ ಸದ್ದು ಇದೆಯೇ ಎಂದು ಕಿವಿಗೊಟ್ಟು ಕೇಳುತ್ತಿರುತ್ತೇನೆ.